ರಸ್ತೆಯ ಬಲಬದಿಗೆ ದಾಟಿದ ಬೇಸಿಗೆ

ಹೋದ ತಿಂಗಳು, ನಾವು ಈಗಿರುವ ಊರಿನ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಯಾರದೋ ಹೊಸ ಕಾರಿಗೆ ಪೂಜೆ ನಡೆಯುತ್ತಿತ್ತು. ಹುಡುಗಿ ಸ್ಟಿಯರಿಂಗ್ ಹಿಡಿದು ಕೂತಿದ್ದಳು, ಗಂಡ ವಿಡಿಯೋ ಮಾಡುತ್ತಿದ್ದ, ಭಟ್ಟರು "ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ" ಎಂದು ಕೈ ಆಡಿಸುತ್ತಿದ್ದರು. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಕಾದ ಡಾಂಬರಿನ ಮೇಲೆ ನಿಂಬೆರಸ ಬಿದ್ದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ನಾನು ಮಾತ್ರ ಆ ಹುಡುಗಿ ಗೇಟು ದಾಟಿ ರಸ್ತೆಯ ಯಾವ ಬದಿಗೆ ಸೇರುತ್ತಾಳೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಸರಿಯಾದ ಬದಿಗೇ ಸೇರಿದಳು. ಅವಳಿಗೇನು, ಇಲ್ಲೇ ಹುಟ್ಟಿದವಳಿರಬೇಕು. ನನಗೆ ಮಾತ್ರ ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆ ನೆನಪಾಯಿತು. ಆಗ ನಾವು ಅಟ್ಲಾಂಟಾದ ಹತ್ತಿರ ಜಾನ್ಸ್ ಕ್ರೀಕ್‌ನಲ್ಲಿದ್ದೆವು.

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಡಿ ಓಡಿಸಲು ಬಾರದವಳಲ್ಲ. ಮೈಸೂರಿನ ಸರಸ್ವತೀಪುರಂನಲ್ಲಿ ಹದಿನೇಳು ವರ್ಷ ಹೆಂಗಸರಿಗೆ ಡ್ರೈವಿಂಗ್ ಕಲಿಸಿದವಳು. ಗಂಡನ ಬೈಗುಳಕ್ಕೆ ಹೆದರಿ ಸ್ಟಿಯರಿಂಗ್ ಮುಟ್ಟದವರು, ಆಟೋ ಹಾರ್ನ್ ಕೇಳಿದರೆ ಕಣ್ಣು ಮುಚ್ಚಿಕೊಳ್ಳುವವರು, ಎಲ್ಲರನ್ನೂ ಗದರಿಸಿ ತಿದ್ದಿ ಲೈಸೆನ್ಸ್ ಕೊಡಿಸಿದ್ದೆ. "ಡ್ರೈವರ್ ರಸ್ತೆ ನಡುವಿಗೆ, ಪಕ್ಕದವ್ರು ಚರಂಡಿ ಕಡೆಗೆ" ಎಂಬುದು ನನ್ನ ಮೊದಲ ಪಾಠ. ಊರಿನಲ್ಲಿ ನಾನು ವಸು ಮೇಡಂ. ಗಂಡ ಶ್ರೀಧರ ಅವರಿಗೆ ಕಂಪನಿಯವರು ಟ್ರಾನ್ಸ್‌ಫರ್ ಕೊಟ್ಟಾಗ, ಆ ವರ್ಷದ ಜನವರಿಯಲ್ಲಿ, ಅವರ ವೀಸಾದ ಬಾಲ ಹಿಡಿದು ನಾನೂ ಬಂದೆ. ಇಲ್ಲಿ ಯಾರ ಮೇಡಂ ಕೂಡ ಆಗಿರಲಿಲ್ಲ.

ಬಂದ ಮೇಲೆ ಇಲ್ಲಿನ ಲೈಸೆನ್ಸ್ ಮಾಡಿಸಿಕೋ ಎಂದು ಅವರು ಹೇಳಿದರೆ ನಾನು ಕೇಳಲಿಲ್ಲ. ಈ ವಯಸ್ಸಿನಲ್ಲಿ ಕಲಿಯುವವಳ ಸೀಟಿನಲ್ಲಿ ಕೂರುವುದೆಂದರೆ ಮರ್ಯಾದೆಯ ಪ್ರಶ್ನೆ. ಇವರ ರಸ್ತೆ ತಿರುಗುಮುರುಗು, ಇವರ ಸಿಗ್ನಲ್ ಸರಿಯಿಲ್ಲ, ಕೆಂಪು ದೀಪವಿದ್ದರೂ ಬಲಕ್ಕೆ ತಿರುಗುವುದು ಎಂಥ ಕಾನೂನು ಎಂದು ಪಕ್ಕದ ಸೀಟಿನಲ್ಲಿ ಕೂತು ಗೊಣಗುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶ್ರೀಧರ ನಗುತ್ತಲೇ ಗಾಡಿ ಓಡಿಸುತ್ತಿದ್ದರು.

ಮಾರ್ಚ್ ಕೊನೆಗೆ ಪೈನ್ ಮರಗಳ ಹಳದಿ ಪುಡಿ ಉದುರತೊಡಗಿತು. ಕಾರಿನ ಮೇಲೆ, ಮೆಟ್ಟಿಲ ಮೇಲೆ, ಮೂಗಿನೊಳಗೆ ಎಲ್ಲೆಲ್ಲೂ ಅದೇ. ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆ ಓಡಾಡುತ್ತವೆ ಎಂದು ಶ್ರೀಧರ ಹೇಳಿದಾಗ ನಾವಿಬ್ಬರೂ ಅದು ಪುಡಿಯ ಅಲರ್ಜಿ ಎಂದುಕೊಂಡೆವು. ಅಂಗಡಿಯ ಐ ಡ್ರಾಪ್ಸ್ ಹಾಕಿದ್ದೇ ಹಾಕಿದ್ದು. ಮೇ ತಿಂಗಳ ಒಂದು ಬೆಳಿಗ್ಗೆ, ಕಣ್ಣಿನ ಮೂಲೆಯಿಂದ ಯಾರೋ ಕಪ್ಪು ಪರದೆ ಎಳೆದ ಹಾಗಿದೆ ಎಂದರು. ಅದು ಕಣ್ಣಿನ ಹಿಂಬದಿಯ ಪದರ, ರೆಟಿನಾ, ಕಳಚಿಕೊಂಡದ್ದು. ಅಟ್ಲಾಂಟಾದಲ್ಲಿ ಅವತ್ತೇ ಆಪರೇಷನ್ ಆಯಿತು. ಆಮೇಲೆ ದಿನಗಟ್ಟಲೆ ಮುಖ ಕೆಳಗೆ ಹಾಕಿಕೊಂಡೇ ಇರಬೇಕು, ಡಾಕ್ಟರ್ ಹೇಳುವವರೆಗೆ ಗಾಡಿ ಮುಟ್ಟಬಾರದು, ದೃಷ್ಟಿ ಎಷ್ಟು ವಾಪಸ್ ಬರುತ್ತದೆಂದು ಈಗಲೇ ಹೇಳಲಾಗದು. ಕೋವಿಡ್ ಕಾಲವಾದ್ದರಿಂದ ಡಾಕ್ಟರ ಕೋಣೆಗೆ ರೋಗಿಯನ್ನು ಬಿಟ್ಟು ಬೇರೆಯವರನ್ನು ಬಿಡುತ್ತಿರಲಿಲ್ಲ. ನಾನು ಹೊರಗೆ ಕಾಯುತ್ತಿದ್ದೆ, ಒಳಗೆ ಏನೆಂದರು ಎಂದು ಇವರು ಬಂದು ಹೇಳಿದ್ದೇ ನನಗೆ ವೇದವಾಕ್ಯ.

"ಇಂಪ್ರೂವ್ ಆಗ್ತಿದೆಯಂತೆ," ಎನ್ನುತ್ತಿದ್ದರು ಪ್ರತಿ ಸಲ.

ಅಷ್ಟರಲ್ಲಿ ಆಫೀಸಿನಿಂದ ಇಮೇಲ್ ಬಂತು. ಲೇಬರ್ ಡೇ ಆದ ಮೇಲೆ, ಅಂದರೆ ಸೆಪ್ಟೆಂಬರಿನಲ್ಲಿ, ಎಲ್ಲರೂ ಆಫೀಸಿಗೆ ಬರಬೇಕು. ವೀಸಾದ ಮೇಲಿದ್ದವರು ಆಗುವುದಿಲ್ಲ ಎನ್ನಲಾದೀತೆ? ಆಫೀಸು ಹನ್ನೆರಡು ಮೈಲಿ ದೂರ, ಆ ಕಡೆಗೆ ಬಸ್ಸೂ ಇಲ್ಲ ರೈಲೂ ಇಲ್ಲ. ದಿನಾ ಟ್ಯಾಕ್ಸಿ ಮಾಡೋಣವೆಂದರೆ "ನಾನೇನು ಕುರುಡನಾ?" ಎಂದು ಹಾರಾಡಿದರು. ಪರಿಚಯದವರ ಜೊತೆ ಹೋಗಿ ಎಂದರೆ ಇನ್ನೊಬ್ಬರ ಹಂಗು ಬೇಡ.

"ಒಂದ್ ಕಣ್ಣು ಸಾಕು ಕಣೆ. ಈ ರೂಟ್ ನಂಗೆ ಬಾಯಿಪಾಠ. ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

ಅವರು ಹೇಳಿದ ಹಾಗೆ ಮಾಡುವವರೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ಗೊತ್ತಾಗದೆ? ಅವರನ್ನು ಸ್ಟಿಯರಿಂಗಿನಿಂದ ದೂರ ಇಡಬೇಕಾದರೆ ಇದ್ದದ್ದು ಒಂದೇ ದಾರಿ. ಸೆಪ್ಟೆಂಬರಿನೊಳಗೆ ಅಲ್ಲಿ ನಾನು ಕೂತಿರಬೇಕು. ಮರ್ಯಾದೆಯನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಲಿಖಿತ ಪರೀಕ್ಷೆ ಬರೆದು ಲರ್ನರ್ಸ್ ಪರ್ಮಿಟ್ ತಂದೆ.

ಪರ್ಮಿಟ್ ಇದ್ದವರು ಗಾಡಿ ಓಡಿಸಲು ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಆ ಜಾಗಕ್ಕೆ ಬಂದವರು ಪಕ್ಕದ ಮನೆಯ ಇಂಗ್ರಿಡ್. ಸ್ವೀಡನ್ನಿನಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾದವರು, ವಯಸ್ಸು ಅರವತ್ತಾರು. ಮಕ್ಕಳಿಗೆ ಈಜು ಕಲಿಸಿ ರಿಟೈರ್ ಆದವರು, ಹಾಗಾಗಿ ಹೆದರಿದವರ ಮುಖ ಅವರಿಗೆ ಚೆನ್ನಾಗಿ ಗೊತ್ತು. ಅವರದೂ ಕಲಿತ ಇಂಗ್ಲಿಷ್, ನನ್ನದೂ ಕಲಿತ ಇಂಗ್ಲಿಷ್, ಇಬ್ಬರಿಗೂ ಅರ್ಥವಾಗುತ್ತಿತ್ತು.

ಮೊದಲ ದಿನವೇ ನಾನು ಗತ್ತಿನಿಂದ ಹೋಗಿ ಕಾರಿನ ಬಲಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟಿಯರಿಂಗ್ ಇಲ್ಲ, ಇಲ್ಲಿ ಅದು ಎಡಕ್ಕೆ. ಇಂಗ್ರಿಡ್ ಏನೂ ಆಗಿಲ್ಲವೆಂಬಂತೆ ಆಚೆ ಬದಿಗೆ ಹೋಗಿ ನಿಂತರು. ತಿರುಗಬೇಕೆಂದು ಇಂಡಿಕೇಟರ್ ಒತ್ತಿದರೆ ಬಿರುಬಿಸಿಲಿನಲ್ಲಿ ವೈಪರ್ ಆಡಿತು. ಸರಿಯಾಗಿ ಹೋಗುತ್ತಿದ್ದಾಗಲೂ ಕಾರು ಬಲಕ್ಕೆ ಜಾರಿ ಜಾರಿ ಯಾರದೋ ಅಂಚೆಪೆಟ್ಟಿಗೆಗೆ ತಾಗುವಂತಾಗುತ್ತಿತ್ತು. ಕೈ ತಾನಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ತಲೆ ಕೂತು ಹೇಳಿಕೊಡಬೇಕಿತ್ತು. ಮನೆಗೆ ಬಂದು ಚಪಾತಿ ಲಟ್ಟಿಸುವಾಗಲೂ ಎಡ, ಬಲ, ಎಡ, ಬಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಜೂನ್, ಜುಲೈ ಪೂರ್ತಿ ಮಧ್ಯಾಹ್ನ ನಾಲ್ಕಕ್ಕೆ ಗುಡುಗಿ ಸುರಿದು ಐದಕ್ಕೆ ನಿಲ್ಲುವ ಮಳೆ, ಅದು ನಿಂತ ಕೂಡಲೇ ಹಬೆ ಏಳುವ ರಸ್ತೆಯಲ್ಲಿ ನನ್ನ ಅಭ್ಯಾಸ. ಕ್ಯಾಲೆಂಡರಿನಲ್ಲಿ ಲೇಬರ್ ಡೇ ಹತ್ತಿರವಾದಷ್ಟೂ ನನ್ನ ಸಿಡುಕು ಹೆಚ್ಚುತ್ತಿತ್ತು.

ಒಂದು ದಿನ ನಾಲ್ಕು ರಸ್ತೆ ಕೂಡುವಲ್ಲಿ ಮರಗಟ್ಟಿ ನಿಂತುಬಿಟ್ಟೆ. ಹಿಂದಿನವರು ಹಾರ್ನ್ ಮಾಡಿದರು. ಅಳು ಬಂತು. ಇಂಗ್ರಿಡ್ ಕಾರನ್ನು ಒಂದು ಚರ್ಚಿನ ಖಾಲಿ ಪಾರ್ಕಿಂಗ್‌ಗೆ ಹಾಕಿಸಿ, ನೀರು ಕೊಟ್ಟು, ತಮ್ಮ ಕಥೆ ಹೇಳಿದರು.

ಅವರು ಹನ್ನೆರಡು ವರ್ಷದವರಿದ್ದಾಗ ಸ್ವೀಡನ್ ದೇಶಕ್ಕೆ ದೇಶವೇ ರಸ್ತೆಯ ಎಡಬದಿ ಬಿಟ್ಟು ಬಲಬದಿಗೆ ಬಂತಂತೆ. ಅಪ್ಪ ಬಸ್ ಡ್ರೈವರ್. ತಿಂಗಳುಗಟ್ಟಲೆ ಮೊದಲೇ ಶಾಲೆಯಲ್ಲಿ ಪಾಠ, ರೇಡಿಯೋದಲ್ಲಿ ಹಾಡು, ಹಾಲಿನ ಡಬ್ಬದ ಮೇಲೂ ಸೂಚನೆ. ಬಸ್ಸಿನ ಬಾಗಿಲುಗಳನ್ನು ಕಿತ್ತು ಇನ್ನೊಂದು ಬದಿಗೆ ಇಟ್ಟರು. ಒಂದು ಭಾನುವಾರ ನಸುಕಿನಲ್ಲಿ, ರಸ್ತೆಯಲ್ಲಿದ್ದ ಗಾಡಿಗಳೆಲ್ಲ ಒಟ್ಟಿಗೆ ನಿಂತವು. ನಿಧಾನವಾಗಿ ಆಚೆ ಬದಿಗೆ ದಾಟಿದವು. ಮತ್ತೆ ನಿಂತು ಗಂಟೆ ಐದಾಗುವುದನ್ನು ಕಾದವು. ಆಮೇಲೆ ಹೊರಟವು. ಹೊದಿಕೆ ಹಾಕಿದ್ದ ಹೊಸ ಬೋರ್ಡುಗಳನ್ನೆಲ್ಲ ತೆರೆದಿದ್ದರು. ನೋಡಲು ಜನ ಕಾಫಿ ಹಿಡಿದು ಬಂದಿದ್ದರಂತೆ. ಎಲ್ಲರೂ ಆಮೆಯ ಹಾಗೆ ಹೋಗುತ್ತ, ಎದುರು ಬಂದವರಿಗೆ ಕೈ ಬೀಸುತ್ತಿದ್ದರಂತೆ.

ಕೇಳಿ ನನಗೆ ಸಮಾಧಾನವಾಗುವ ಬದಲು ಹೊಟ್ಟೆ ಉರಿಯಿತು. "ನಿಮಗೇನು, ಇಡೀ ದೇಶ ಜೊತೆಗಿತ್ತು," ಎಂದೆ. "ನಮಗೆ ಯಾರು ಕೈ ಬೀಸುತ್ತಾರೆ? ವಿಮಾನ ಹತ್ತುವಾಗ ಎಡ, ಇಳಿಯುವಾಗ ಬಲ. ಒಬ್ಬೊಬ್ಬರೇ ದಾಟಬೇಕು, ಹಿಂದಿನವನು ಹಾರ್ನ್ ಬೇರೆ ಮಾಡುತ್ತಾನೆ." ಇಂಗ್ರಿಡ್ ನಕ್ಕರು. ನಿಜ ಎಂದು ಒಪ್ಪಿಕೊಂಡರು. ಆಮೇಲೆ ಅದೇ ಖಾಲಿ ಪಾರ್ಕಿಂಗ್‌ನಲ್ಲಿ ನನ್ನ ಹಳೆಯ ಪಾಠ ನೆನಪಾಯಿತು. ಡ್ರೈವರ್ ರಸ್ತೆ ನಡುವಿಗೆ, ಪಕ್ಕದವರು ಚರಂಡಿ ಕಡೆಗೆ. ಇಲ್ಲಿ ಸೀಟೂ ಬದಲು, ಬದಿಯೂ ಬದಲು, ಆದರೆ ಮಾತು ಹಾಗೇ ನಿಲ್ಲುತ್ತದೆ. ಅವತ್ತಿನಿಂದ ಇಂಗ್ರಿಡ್ ಅವರನ್ನು ಚರಂಡಿ ಕಡೆಗೆ ಕೂರಿಸಿಕೊಂಡು ಚೆನ್ನಾಗಿಯೇ ಓಡಿಸಿದೆ. ರೋಡ್ ಟೆಸ್ಟ್‌ಗೆ ಆಗಸ್ಟ್ ಕೊನೆಯ ಗುರುವಾರ ಬುಕ್ ಮಾಡಿದೆ.

ಅಷ್ಟರಲ್ಲಿ ನಮ್ಮ ಕನ್ನಡದ ಗೆಳತಿ ಸುಧಾ ಫೋನ್ ಮಾಡಿದಳು. "ಗಾಡಿ ಪೂಜೆ ಮಾಡಿಸಿದ್ರಾ ವಸು? ಇಲ್ವಾ? ಅಯ್ಯೋ, ಅದಕ್ಕೇ ಇದೆಲ್ಲ ಆಗಿರೋದು." ಕಾರು ಕೊಂಡಾಗ ದೇವಸ್ಥಾನ ಮುಚ್ಚಿತ್ತು, ಪೂಜೆ ಆಗಿರಲಿಲ್ಲ. ಕಣ್ಣಿಗೂ ಚಕ್ರಕ್ಕೂ ಏನು ಸಂಬಂಧ ಎಂದು ಶ್ರೀಧರ ರೇಗಿದರು. ಆದರೂ ಭಾನುವಾರ ಹೊರಟೆವು. ಇಂಗ್ರಿಡ್ ಮಗಳ ಊರಿಗೆ ಹೋಗಿದ್ದರು. ಶ್ರೀಧರ ಅವರ ಬಳಿ ಲೈಸೆನ್ಸ್ ಇತ್ತು, ಕಾನೂನಿಗೆ ಅಷ್ಟು ಸಾಕು ಎಂದುಕೊಂಡೆವು.

ಹೋಗುವಾಗ ಒಂದು ತಪ್ಪಿಲ್ಲ. ಪಾರ್ಕಿಂಗ್‌ನಲ್ಲಿ ಭಟ್ಟರು ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಕಾಯಿ ಒಡೆದು, ನಿಂಬೆಹಣ್ಣು ಇಟ್ಟರು. ಸುತ್ತ ರೇಷ್ಮೆ ಸೀರೆ, ಮಲ್ಲಿಗೆ, ಪುಳಿಯೋಗರೆಯ ಘಮ. ಯಾರೋ ಹೆಂಗಸು "ಮೈಸೂರಲ್ಲಿ ಎಲ್ಲಿ ನೀವು?" ಎಂದಳು, ಸರಸ್ವತೀಪುರಂ ಎಂದರೆ "ಅಯ್ಯೋ, ನಾವು ಕುವೆಂಪುನಗರ!" ಎಂದು ಕೈ ಹಿಡಿದುಕೊಂಡಳು. ಆ ಬೇಸಿಗೆಯಲ್ಲೇ ಮೊದಲ ಸಲ ನನ್ನ ಹೆಗಲು ಸಡಿಲವಾಗಿತ್ತು. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಹಾಗೇ ಗೇಟಿನ ಬಳಿ ಬಂದೆ. ಎಡಕ್ಕೆ ತಿರುಗಬೇಕಿತ್ತು. ಹಳೆಯ ರೂಢಿಯಂತೆ ಬಲಕ್ಕೆ ಮಾತ್ರ ನೋಡಿದೆ.

"ನೋಡ್ರೀ, ಹೋಗ್ಲಾ?"

"ಎರಡೂ ಕಡೆ ಖಾಲಿ. ಹೋಗು."

ಸರಸ್ವತೀಪುರಂನಲ್ಲಿ ತಿರುಗಿದ ಹಾಗೆ ಎಡಕ್ಕೆ, ಅಂಚಿಗೆ ಅಂಟಿಕೊಂಡು ತಿರುಗಿಬಿಟ್ಟೆ. ಎದುರಿಗೆ ಪಿಕಪ್ ಟ್ರಕ್ಕಿನ ಮೂತಿ. ಬ್ರೇಕಿನ ಕಿರುಚಾಟದಲ್ಲಿ ಎರಡೂ ಗಾಡಿಗಳು ನಿಂತಾಗ ನಡುವೆ ಒಂದು ಮೊಳ ಜಾಗವಿತ್ತು. ಟ್ರಕ್ಕಿನವನು ಇಳಿದು ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಕಿಟಕಿಯಲ್ಲಿ ಬಗ್ಗಿ ನಾವಿಬ್ಬರೂ ಸರಿಯಿದ್ದೇವೆಯೇ ಎಂದು ಕೇಳಿ, ರಸ್ತೆ ನಡುವೆ ನಿಂತು ಕೈ ಎತ್ತಿ ಬರುವ ಗಾಡಿಗಳನ್ನು ತಡೆದು, ನನ್ನನ್ನು ಬಲಬದಿಗೆ ದಾಟಿಸಿದ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದವಳೇ ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದೆ. ಸಂಜೆ ಶ್ರೀಧರ ಫೋನಿನಲ್ಲಿ ಸುಧಾಳ ಗಂಡನಿಗೆ ನಗುತ್ತ ಹೇಳುತ್ತಿದ್ದರು, "ಹದಿನೇಳು ವರ್ಷ ಕಲಿಸಿದ ಮೇಡಂ ರಾಂಗ್ ಸೈಡಿಗೆ ಹೋಗ್ಬಿಟ್ರು ಮಾರಾಯ." ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಪ್ಪು ನನ್ನದೇ ಆಗಿತ್ತಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ಮೊಳೆಯಲ್ಲಿ ಕೀಲಿಯಿಲ್ಲ. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು. ಬರಿಗಾಲಿನಲ್ಲಿ ಓಡಿ ಹೋಗಿ ಕಾರಿನ ಹಿಂದೆ ನಿಂತೆ.

"ಸುಮ್ನೆ ಒಂದ್ ರೌಂಡ್ ಪ್ರಾಕ್ಟೀಸ್ ಮಾಡ್ತೀನಿ, ಸರ್ಕೋ!"

"ಸರ್ಕೊಳ್ಳಲ್ಲ. ನನ್ ಮೇಲೆ ಹತ್ಸ್ಕೊಂಡು ಹೋಗಿ."

"ಇನ್ನೇನ್ ಮಾಡ್ಲಿ ಹೇಳು? ನೀನೂ ಕೈ ಬಿಟ್ಟೆ. ಕೆಲ್ಸ ಹೋದ್ರೆ ಗಂಟುಮೂಟೆ ಕಟ್ಬೇಕು."

ಅವರು ಕೂಗಿದರು, ನಾನು ಅದಕ್ಕಿಂತ ಜೋರಾಗಿ ಕೂಗಿದೆ. ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ ಇಂಗ್ರಿಡ್ ಸದ್ದು ಕೇಳಿ ಬಂದು ನನ್ನ ಪಕ್ಕದಲ್ಲಿ, ಕಾರಿನ ಹಿಂದೆ, ಕೈ ಕಟ್ಟಿ ನಿಂತರು. ಕನ್ನಡ ಬಾರದಿದ್ದರೂ ಜಗಳ ಅರ್ಥವಾಗಿತ್ತು. ಇಬ್ಬರು ಹೆಂಗಸರ ಮೇಲೆ ಹತ್ತಿಸಲಾಗದೆ ಶ್ರೀಧರ ಎಂಜಿನ್ ಆರಿಸಿದರು.

ಒಳಗೆ ಕಾಫಿ ಕೊಟ್ಟು ದೇವಸ್ಥಾನದ ಗೇಟಿನ ಕಥೆ ಹೇಳಿದೆ. ಇಂಗ್ರಿಡ್ ಕೇಳಿದ್ದು ಒಂದೇ ಪ್ರಶ್ನೆ. ಅವತ್ತು ಹೆದರಿದ್ದೆಯಾ? ಇಲ್ಲ, ಅವತ್ತೊಂದೇ ದಿನ ಹೆದರಿರಲಿಲ್ಲ ಎಂದೆ. ಅವರು ತಲೆ ಆಡಿಸಿ ತಮ್ಮ ಅಪ್ಪನ ಉಳಿದ ಕಥೆ ಹೇಳಿದರು.

ಬದಿ ಬದಲಾದ ದಿನ ಅಪ್ಪ ಬಸ್ಸನ್ನು ಹೂವಿನಂತೆ ಓಡಿಸಿದರಂತೆ. ವಾರ ಕಳೆಯಿತು, ತಿಂಗಳು ಕಳೆಯಿತು, ಏನೂ ಆಗಲಿಲ್ಲ. ಚಳಿಗಾಲದಲ್ಲಿ ಒಮ್ಮೆ ಹೆಂಡತಿ ಮಗಳ ಜೊತೆ ತಾವು ಹುಟ್ಟಿದ ಹಳ್ಳಿಮನೆಗೆ ಹೋಗಿ, ಆ ಅಂಗಳದಿಂದ ಹೊರಗೆ ಬರುವಾಗ ಎಡಬದಿಗೆ ತಿರುಗಿದರು. ಎದುರಿಗೆ ಹಾಲಿನ ಲಾರಿ. ಕಾರು ಹಳ್ಳಕ್ಕೆ ಬಿತ್ತು, ಅಮ್ಮನ ಮಣಿಕಟ್ಟು ಮುರಿಯಿತು. ಹಿಮದಲ್ಲಿ ಜಾರಿತು ಎಂದು ಅಪ್ಪ ಡಿಪೋದಲ್ಲಿ ಹೇಳಿದರು. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ತಡೆಯಲಾರದೆ ಜೊತೆಯ ಡ್ರೈವರುಗಳ ಮುಂದೆ ನಿಜ ಹೇಳಿದರು. ಒಬ್ಬ ನಾನೂ ಮಾಡಿದ್ದೇನೆ ಎಂದ, ಇನ್ನೊಬ್ಬನೂ ಎಂದ. ಅವತ್ತಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಬಸ್ಸು ತೆಗೆಯುವ ಮುಂಚೆ, ಆ ವಾರ ಯಾರು ಎಲ್ಲಿ ಮರೆತರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಡಿಪೋದ ಪದ್ಧತಿಯಾಯಿತು. ಅತ್ತೆ ಮನೆಯ ಮುಂದೆ, ಚರ್ಚಿನ ಹಿಂದೆ, ಹಳೆಯ ಶಾಲೆಯ ತಿರುವಿನಲ್ಲಿ. ಮನಸ್ಸಿಗೆ ಹಾಯೆನಿಸಿದ ಜಾಗದಲ್ಲೇ ಎಲ್ಲರೂ ತಪ್ಪಿದ್ದರು.

"ತಪ್ಪಿದವರಿಗಿಂತ ಬಚ್ಚಿಟ್ಟವರ ಪಕ್ಕ ಕೂರಲು ನನಗೆ ಹೆದರಿಕೆ ಎನ್ನುತ್ತಿದ್ದರು ಅಪ್ಪ," ಎಂದರು ಇಂಗ್ರಿಡ್. ಸಕ್ಕರೆ ಹಾಕಿಕೊಳ್ಳದ ಶ್ರೀಧರ ಆ ಹೊತ್ತಿನಲ್ಲಿ ಕಾಫಿಯನ್ನು ಚಮಚದಿಂದ ಕಲಕುತ್ತಲೇ ಇದ್ದರು. ಸಿಟ್ಟು ಇಳಿದಿಲ್ಲ ಎಂದುಕೊಂಡೆ.

ಮುಟ್ಟುವುದಿಲ್ಲ ಎಂದಿದ್ದ ಕೀಲಿಯನ್ನು ಮತ್ತೆ ಕೈಗೆತ್ತಿಕೊಂಡು ಗುರುವಾರ ಟೆಸ್ಟಿಗೆ ಹೋದೆ. ಮೈಸೂರಿನಲ್ಲಿ ಹದಿನೇಳು ವರ್ಷ ಹೊರಗೆ ಬೆಂಚಿನ ಮೇಲೆ ಕೂತು ಶಿಷ್ಯೆಯರಿಗಾಗಿ ಕಾದವಳು ಅವತ್ತು ಒಳಗಿದ್ದೆ, ಬೆಂಚಿನ ಮೇಲೆ ಇಂಗ್ರಿಡ್. ಪರೀಕ್ಷೆ ಮಾಡಿದ ಹುಡುಗಿ ಹಲಗೆಯ ಮೇಲೆ ಏನೇನೋ ಗೀಚುತ್ತಿದ್ದಳು. ಹೆದರಿಕೊಂಡೇ, ಪ್ರತಿ ತಿರುವಿಗೂ ಮನಸ್ಸಿನಲ್ಲಿ ಚರಂಡಿ, ಚರಂಡಿ ಎನ್ನುತ್ತ ಓಡಿಸಿದೆ. ಪಾಸಾದೆ ಎಂದಾಗ ಖುಷಿಗಿಂತ ಸುಸ್ತೇ ಹೆಚ್ಚಾಗಿತ್ತು.

ಲೇಬರ್ ಡೇ ಮಾರನೆಯ ಬೆಳಿಗ್ಗೆ ಶ್ರೀಧರ ಅವರನ್ನು ಕೂರಿಸಿಕೊಂಡು ಹೊರಟೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿದರೂ ಅವರು ಬೆಲ್ಟ್ ಬಿಚ್ಚಲಿಲ್ಲ.

"ವಸು, ಅವತ್ತು ಎರಡೂ ಕಡೆ ಖಾಲಿ ಅಂದೆನಲ್ಲ."

"ಈಗ್ಯಾಕೆ ಅದು?"

"ಬಲಗಡೆ ಮಾತ್ರ ನೋಡಿದ್ದೆ ಕಣೆ. ಎಡಗಣ್ಣಲ್ಲಿ ನಂಗೇನೂ ಕಾಣ್ಸಲ್ಲ. ಆಪರೇಷನ್ ಆದಾಗಿಂದ್ಲೂ ಕಾಣ್ಸಿಲ್ಲ. ಬರಲ್ಲ ಅಂತ ಡಾಕ್ಟ್ರು ಜುಲೈನಲ್ಲೇ ಹೇಳಿದ್ರು."

"ಇಂಪ್ರೂವ್ ಆಗ್ತಿದೆ ಅಂದ್ರಿ. ಪ್ರತಿ ಸಲ ಅಂದ್ರಿ."

"ಅಂದೆ. ಏನ್ ಹೇಳ್ಲಿ? ಹೇಳ್ಬಿಟ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತಿತ್ತು. ಟ್ರಕ್ ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ತಪ್ಪೆಲ್ಲ ನಿಂದೇ ಅಂತ ಎಲ್ಲರ ಹತ್ರ ನಕ್ಕೊಂಡು ಓಡಾಡ್ದೆ."

ಕೆನ್ನೆಗೆ ಒಂದು ಬಾರಿಸಬೇಕೆನಿಸುವಷ್ಟು ಸಿಟ್ಟು ಬಂತು. ಅದರ ಬೆನ್ನಿಗೇ, ಬೇಸಿಗೆ ಪೂರ್ತಿ ಒಬ್ಬರೇ ಇದನ್ನು ಇಟ್ಟುಕೊಂಡು ನನ್ನ ಪಕ್ಕದಲ್ಲಿ ಊಟ ಮಾಡಿದ್ದರಲ್ಲ ಎಂದೂ ಅನಿಸಿತು. "ಇಳೀರಿ, ಲೇಟಾಗುತ್ತೆ. ಸಂಜೆ ಐದಕ್ಕೆ ಇಲ್ಲೇ ಇರ್ತೀನಿ," ಎಂದೆ. ಇಳಿದರು. ಆಫೀಸಿನ ಬಾಗಿಲು ದಾಟುವಾಗ ಅವರ ಎಡಭುಜ ಚೌಕಟ್ಟಿಗೆ ತಾಗಿತು. ಮನೆಯಲ್ಲಿ ಹಾಗೆ ತಾಗುವುದನ್ನು ಎಷ್ಟು ಸಲ ನೋಡಿ, ನೆಟ್ಟಗೆ ನಡೆಯಿರಿ ಎಂದು ಗದರಿದ್ದೆನೋ. ಒಂದು ಕಣ್ಣಿದ್ದವರಿಗೂ ಇಲ್ಲಿ ಲೈಸೆನ್ಸ್ ಕೊಡುತ್ತಾರಂತೆ. ಅವರು ಅದನ್ನು ಕೇಳಲು ಹೋಗಲಿಲ್ಲ, ಮತ್ತೆ ಯಾವತ್ತೂ ಸ್ಟಿಯರಿಂಗ್ ಮುಟ್ಟಲಿಲ್ಲ.

ಕಾರಿನಲ್ಲಿ ನಾನೊಬ್ಬಳೇ ಇದ್ದೆ. ಈ ದೇಶಕ್ಕೆ ಬಂದ ಮೇಲೆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಓಡಿಸಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಗೇಟಿನ ತನಕ ಬಂದು ನಿಂತೆ. ಬಲಕ್ಕೆ ನೋಡಿದೆ. ಎಡಕ್ಕೆ ನೋಡಿದೆ. ಹಿಂದಿನವನು ಹಾರ್ನ್ ಮಾಡಿದ, ಮಾಡಿಕೊಳ್ಳಲಿ ಎಂದು ಎಡಕ್ಕೆ ಇನ್ನೊಮ್ಮೆ ನೋಡಿದೆ, ಆ ನೋಟ ಶ್ರೀಧರ ಅವರ ಪಾಲಿನದು.